ಹೂಜಿಯಲ್ಲಿ ಲೈಫ್ ಎಲ್ಲಿದೆ? ‘ಸ್ಟಿಲ್ಲೇವನ್’ ಎಂಬ ಡಚ್ ಪದದ ಹುಟ್ಟು

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಒಂಬತ್ತನೇ ತರಗತಿಗೆ ಸ್ಟಿಲ್ ಲೈಫ್ ಹೇಳಿಕೊಡಲು ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ, ಎರಡು ನಿಂಬೆಹಣ್ಣು, ಒಂದು ಮಡಚಿದ ಟವೆಲ್ಲು ಇಟ್ಟಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ಇದರಲ್ಲಿ ಲೈಫ್ ಎಲ್ಲಿದೆ?” ಅಂದಳು. ‘ಸ್ಟಿಲ್’ ಅಂದರೆ ‘ಇನ್ನೂ’, ಗಿಡದಿಂದ ಕಿತ್ತ ಮೇಲೂ ಹಣ್ಣಿನಲ್ಲಿ ಇನ್ನೂ ಜೀವ ಇದೆ ಅಂತ ಅರ್ಥ ಎಂದು ಹೇಳಿಬಿಟ್ಟೆ. ಆಮೇಲೆ ನನಗೇ ಅನುಮಾನ ಶುರುವಾಯಿತು. ಇದು ಡಚ್ ಪದದಿಂದ ಬಂದದ್ದು ಅಂತ ಹಿಂದೆ ಓದಿದ ನೆನಪು. ಫ್ರೆಂಚರು ಇದೇ ಚಿತ್ರವನ್ನು ‘ಸತ್ತ ಪ್ರಕೃತಿ’ ಅನ್ನುತ್ತಾರಂತೆ. ಒಬ್ಬರಿಗೆ ಬದುಕು, ಇನ್ನೊಬ್ಬರಿಗೆ ಸಾವು ಆಗುವುದು ಹೇಗೆ? ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು?

ಉತ್ತರ: ಆ ಹುಡುಗಿಗೆ ಮೊದಲು ನನ್ನ ಕಡೆಯಿಂದ ಶಭಾಷ್ ಹೇಳಿ. ಒಂದು ಹೆಸರು ಕಿವಿಗೆ ರೂಢಿಯಾಗಿಬಿಟ್ಟರೆ ಅದರೊಳಗೆ ಏನಿದೆ ಅಂತ ನಾವು ಇಣುಕಿ ನೋಡುವುದೇ ಇಲ್ಲ. ಅವಳು ನೋಡಿದ್ದಾಳೆ.

ನಿಮ್ಮ ‘ಇನ್ನೂ’ ವಿಷಯ ಮುಗಿಸಿ ಮುಂದೆ ಹೋಗೋಣ. ಅದು ಸರಿಯಲ್ಲ. ‘ಸ್ಟಿಲ್ ಲೈಫ್’ ಇಂಗ್ಲಿಷಿನವರು ತಾವಾಗಿ ಕಟ್ಟಿದ ಪದವಲ್ಲ. ಡಚ್ಚಿನ ‘ಸ್ಟಿಲ್ಲೇವನ್’ ಪದವನ್ನು ಎರಡು ತುಂಡು ಮಾಡಿ, ಒಂದೊಂದು ತುಂಡಿನ ಜಾಗದಲ್ಲೂ ತಮ್ಮ ಪದ ಕೂರಿಸಿಕೊಂಡರು. ಡಚ್ಚಿನಲ್ಲಿ ‘ಸ್ಟಿಲ್’ ಅಂದರೆ ಅಲುಗಾಡದ್ದು, ಸದ್ದಿಲ್ಲದ್ದು. ‘ಇನ್ನೂ’ ಅನ್ನಲು ಅವರ ಹತ್ತಿರ ಬೇರೆ ಪದವೇ ಇದೆ: ‘ನೋಖ್’. ಹಾಗಾಗಿ ಮೊದಲು ಈ ಹೆಸರಿಟ್ಟ ಡಚ್ಚರ ಮನಸ್ಸಿನಲ್ಲಿ ‘ಇನ್ನೂ ಜೀವ ಇದೆ’ ಅನ್ನುವ ಅರ್ಥ ಇರಲು ಸಾಧ್ಯವೇ ಇಲ್ಲ.

ಆದರೂ ನೀವು ಬೇಜಾರು ಮಾಡಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ‘ಇನ್ನೂ’ ಅನ್ನುವ ಸ್ಟಿಲ್ ಹುಟ್ಟಿದ್ದು ‘ಅಲುಗಾಡದ’ ಅನ್ನುವ ಸ್ಟಿಲ್‌ನ ಹೊಟ್ಟೆಯಿಂದಲೇ. ಮೊದಲು ‘ಅಲುಗಾಡದೆ’ ಅಂತಿತ್ತು. ಅಲುಗಾಡದೆ ಇರುವುದು ಯಾವಾಗಲೂ ಇದ್ದ ಹಾಗೇ ಇರುತ್ತದೆ, ಹಾಗಾಗಿ ‘ಯಾವಾಗಲೂ’ ಅಂತಾಯಿತು. ಇದ್ದ ಹಾಗೇ ಇರುವುದು ಈಗಲೂ ಇರುತ್ತದೆ, ಹಾಗಾಗಿ ‘ಇನ್ನೂ’ ಅಂತಾಯಿತು. ನೀವು ಹಿಡಿದದ್ದು ಅದೇ ಮರದ ಇನ್ನೊಂದು ಕೊಂಬೆಯನ್ನು.

ಈಗ ಪದದ ಕಟ್ಟು ನೋಡೋಣ. ಸ್ಟಿಲ್ ಮತ್ತು ಲೇವನ್ ಸೇರಿ ಸ್ಟಿಲ್ಲೇವನ್. ಮೊದಲನೆಯದು ಗುಣ ಹೇಳುವ ಪದ, ಎರಡನೆಯದು ನಾಮಪದ. ಎರಡನ್ನೂ ಬಿಡಿಬಿಡಿಯಾಗಿ ಹೇಳಿದರೆ ಡಚ್ಚಿನಲ್ಲಿ ಅದು ಬರೀ ವರ್ಣನೆ, ‘ಸದ್ದುಗದ್ದಲವಿಲ್ಲದ ಬದುಕು’ ಅಂದ ಹಾಗೆ. ಕೂಡಿಸಿ, ಮೊದಲ ತುಂಡಿನ ಮೇಲೆ ಒತ್ತು ಕೊಟ್ಟು ಹೇಳಿದರೆ ಅದೊಂದು ಹೆಸರಾಗುತ್ತದೆ. ಕನ್ನಡದವರಿಗೆ ಇದು ಹೊಸದೇನಲ್ಲ. ‘ಹಿರಿದಾದ ಬೆರಳು’ ಅಂದರೆ ಯಾವ ದೊಡ್ಡ ಬೆರಳೂ ಆಗಬಹುದು. ‘ಹೆಬ್ಬೆರಳು’ ಅಂದರೆ ಒಂದೇ ಬೆರಳು, ಅದೂ ಉದ್ದದಲ್ಲಿ ದೊಡ್ಡದೇನಲ್ಲ. ಬೆಳ್ಳಗಿರುವ ಉಳ್ಳಿಯೆಲ್ಲ ‘ಬೆಳ್ಳುಳ್ಳಿ’ ಆಗುವುದಿಲ್ಲ. ಸಮಾಸವಾದ ಕೂಡಲೇ ಪದಗಳು ತಮ್ಮ ಹಳೆಯ ಅರ್ಥವನ್ನು ಅರ್ಧ ಬಿಟ್ಟು ಹೊಸ ಕೆಲಸಕ್ಕೆ ಸೇರಿಕೊಳ್ಳುತ್ತವೆ. ಸ್ಟಿಲ್ಲೇವನ್ ಸೇರಿದ್ದು ಚಿತ್ರಕಾರರ ಕೆಲಸಕ್ಕೆ.

ಸ್ಟಿಲ್ ಅನ್ನು ಕನ್ನಡಕ್ಕೆ ತರುವುದು ಬಹಳ ಸುಲಭ. ‘ಸುಮ್ಮನೆ’ ಅಷ್ಟೇ. ಗಲಾಟೆ ಮಾಡುವ ಮಗುವಿಗೂ ನಾವು “ಸುಮ್ನಿರು” ಅನ್ನುತ್ತೇವೆ, ತಲೆ ಬಾಚುವಾಗ ಒದ್ದಾಡುವ ಮಗುವಿಗೂ “ಸುಮ್ನಿರು” ಅನ್ನುತ್ತೇವೆ. ಒಂದು ಬಾಯಿಗೆ, ಇನ್ನೊಂದು ಮೈಗೆ. ಡಚ್ ತಾಯಂದಿರು ಈ ಎರಡು ಕಡೆಯೂ ಸ್ಟಿಲ್ ಬಳಸುತ್ತಾರೆ. ಈ ಎರಡು ಮುಖ ನೆನಪಿಟ್ಟುಕೊಳ್ಳಿ. ಮುಂದೆ ಆದ ಗೊಂದಲಕ್ಕೆಲ್ಲ ಇದೇ ಕಾರಣ.

ಗಂಟು ಇರುವುದು ‘ಲೇವನ್’ನಲ್ಲಿ. ನಿಘಂಟು ತೆಗೆದರೆ ‘ಬದುಕು, ಜೀವ’ ಅಂತ ಇರುತ್ತದೆ. ಅದೇ ರೂಪ ‘ಬದುಕುವುದು’ ಅನ್ನುವ ಕ್ರಿಯೆಗೂ ಸಲ್ಲುತ್ತದೆ. ಇಂಗ್ಲಿಷಿನ ಲಿವ್, ಜರ್ಮನ್ನಿನ ಲೇಬನ್ ಇದರ ಅಕ್ಕತಂಗಿಯರು. ಇಂಗ್ಲಿಷಿನ ಲೈಫ್‌ಗೆ ನೇರವಾಗಿ ಹೊಂದುವ ಡಚ್ ಪದ ‘ಲೆಯ್ಫ್’, ಅದರ ಅರ್ಥ ಈಗ ಮೈ, ಶರೀರ. ಇವೆಲ್ಲದರ ಬೇರಿನಲ್ಲಿ ‘ಅಂಟಿಕೊಂಡಿರು, ಉಳಿ’ ಅನ್ನುವ ಅರ್ಥ ಇತ್ತು ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ‘ಉಳಿದುಕೊಳ್ಳು’ ಅನ್ನುವುದಕ್ಕೆ ಡಚ್ಚರ ‘ಬ್ಲೆಯ್‌ವನ್’ ಕೂಡ ಇದೇ ಬೇರಿನದು. ನಾವೂ ಕಾಯಿಲೆಯಿಂದ ಎದ್ದವರನ್ನು ‘ಉಳಿದುಕೊಂಡ’ ಅನ್ನುತ್ತೇವಲ್ಲ, ಬದುಕುವುದಕ್ಕೂ ಉಳಿಯುವುದಕ್ಕೂ ನಂಟು ಹಾಗಿದೆ. ಸಂಸ್ಕೃತದಿಂದ ನಮಗೆ ಬಂದ ‘ಲೇಪ’ವೂ ಇದೇ ಹಳೆಯ ಬೇರಿನದು. ಅಂಟುವುದು, ಬಳಿಯುವುದು. ಬಣ್ಣ ಬಳಿಯುವವರ ಪದದೊಳಗೆ ಲೇಪದ ದೂರದ ನೆಂಟ ಕೂತಿದ್ದಾನೆ ಅನ್ನುವುದು ನನಗೆ ತುಂಬಾ ಖುಷಿ ಕೊಡುವ ಸಂಗತಿ. ಆದರೆ ಇದು ಸಾವಿರಾರು ವರ್ಷ ಹಿಂದಿನ ನಂಟು. ಡಚ್ ಚಿತ್ರಕಾರರಿಗೆ ಇದು ಗೊತ್ತಿರಲಿಲ್ಲ, ಅವರ ಪದ ಹುಟ್ಟಿದ್ದಕ್ಕೆ ಇದು ಕಾರಣವೂ ಅಲ್ಲ.

ಕಾರಣ ಬೇಕಾದರೆ ನಿಘಂಟು ಮುಚ್ಚಿಟ್ಟು, ಚಿತ್ರಕಾರರು ಕೆಲಸ ಮಾಡುತ್ತಿದ್ದ ಕೋಣೆಗೆ ಹೋಗಬೇಕು.

ಅಲ್ಲಿ ‘ಲೇವನ್’ಗೆ ಕಸುಬಿನ ಅರ್ಥವೊಂದಿತ್ತು. ಚಿತ್ರಕಾರ ಮತ್ತು ಬರಹಗಾರ ಕಾರೆಲ್ ವಾನ್ ಮಾಂಡರ್ 1604ರಲ್ಲಿ ಹಾರ್ಲೆಮ್‌ನಲ್ಲಿ ಚಿತ್ರಕಾರರ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಹೊರತಂದ. ಚಿತ್ರ ಬರೆಯುವ ಎರಡು ದಾರಿಗಳನ್ನು ಅದರಲ್ಲಿ ಮತ್ತೆ ಮತ್ತೆ ಹೇಳುತ್ತಾನೆ. ಒಂದು ‘ನಾರ್ ಹೆಟ್ ಲೇವನ್’. ಪದಕ್ಕೆ ಪದ ಇಟ್ಟರೆ ‘ಜೀವದಂತೆ’, ಕಸುಬಿನವರ ಬಾಯಲ್ಲಿ ‘ಎದುರಿಗಿಟ್ಟುಕೊಂಡು, ನೋಡಿ ಬರೆದದ್ದು’. ಇನ್ನೊಂದು ‘ಅಯ್ಟ್ ಡೆನ್ ಖೇಸ್ಟ್’, ಅಂದರೆ ‘ಮನಸ್ಸಿನಿಂದ ಬರೆದದ್ದು’. ಡ್ರಾಯಿಂಗ್ ಟೀಚರ್ ಆದ ನಿಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮಕ್ಕಳಿಗೆ ನೀವು “ನೋಡ್ಕೊಂಡು ಬರೀರಿ” ಅಂತಲೂ ಹೇಳುತ್ತೀರಿ, “ನೆನಪಿನಿಂದ ಬರೀರಿ” ಅಂತಲೂ ಹೇಳುತ್ತೀರಿ. ಅದೇ ಇದು.

ಹೀಗೆ ‘ನೋಡಿಕೊಂಡು ಬರೆಯುವಾಗ ಎದುರಿಗೆ ಏನಿದೆಯೋ ಅದು’ ಲೇವನ್ ಆಯಿತು. ಮನುಷ್ಯನಾದರೂ ಸರಿ, ನಾಯಿಯಾದರೂ ಸರಿ, ಮರವಾದರೂ ಸರಿ. ಇವತ್ತು ನಾವು ‘ಮಾಡೆಲ್’ ಅನ್ನುವ ಪದಕ್ಕೆ ಇದು ಬಹಳ ಹತ್ತಿರ.

ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಾನು ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತಿದ್ದೆ. ಹೆಸರಾಂತ ಡಚ್ ಚಿತ್ರಕಾರ ರೆಂಬ್ರಾಂಟ್ ಸಾಲ ತೀರಿಸಲಾಗದೆ 1656ರಲ್ಲಿ ದಿವಾಳಿಯಾದ. ಆಮ್ಸ್ಟರ್‌ಡಾಮಿನ ಅಧಿಕಾರಿಗಳು ಅವನ ಮನೆಯಲ್ಲಿದ್ದ ಸಾಮಾನುಗಳನ್ನು ಕೋಣೆ ಕೋಣೆಯಾಗಿ ಪಟ್ಟಿ ಮಾಡಿದರು. ಮುನ್ನೂರ ಅರವತ್ತಕ್ಕೂ ಹೆಚ್ಚು ಸಾಲುಗಳ ಪಟ್ಟಿ. ಅದರಲ್ಲಿ ಒಂದು ಸಾಲು ಹೀಗಿದೆ: ‘ಕ್ರಿಸ್ತನ ಮುಖ, ನಾ ಟ್ ಲೇವನ್’. ಅಂದರೆ ‘ಲೇವನ್ ನೋಡಿ ಬರೆದ ಕ್ರಿಸ್ತನ ಮುಖ’. ಕ್ರಿಸ್ತ ಬದುಕಿದ್ದು ಅದಕ್ಕೂ ಹದಿನಾರು ಶತಮಾನ ಹಿಂದೆ! ಪಟ್ಟಿ ಬರೆದವರು ಪವಾಡವನ್ನೇನೂ ದಾಖಲಿಸುತ್ತಿರಲಿಲ್ಲ. ಯಾರೋ ಒಬ್ಬ ಯುವಕನನ್ನು ಎದುರಿಗೆ ಕೂರಿಸಿಕೊಂಡು ಆ ಮುಖ ಬರೆಯಲಾಗಿದೆ ಎಂದು ಹೇಳುತ್ತಿದ್ದರು. ನೆರೆಯಲ್ಲಿದ್ದ ಯಹೂದಿ ಯುವಕನೊಬ್ಬ ಕೂತಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. ಇಲ್ಲಿ ಲೇವನ್ ಅನ್ನು ‘ಜೀವನ’ ಅಂತ ಅನುವಾದ ಮಾಡಿದರೆ ಸಾಲಿಗೆ ಅರ್ಥವೇ ಇರುವುದಿಲ್ಲ. ‘ಎದುರಿಗೆ ಕೂತವರು’ ಅಂದರೆ ಎಲ್ಲ ಸರಿಹೋಗುತ್ತದೆ.

ಈಗ ಎರಡನ್ನೂ ಸೇರಿಸಿ. ಸ್ಟಿಲ್ ಅಂದರೆ ಸುಮ್ಮನಿರುವ. ಲೇವನ್ ಅಂದರೆ ಎದುರಿಗಿಟ್ಟುಕೊಂಡು ಬರೆಯುವ ವಸ್ತು. ಸ್ಟಿಲ್ಲೇವನ್ ಅಂದರೆ ‘ಅಲುಗಾಡದೆ ಕೂರುವ ಮಾಡೆಲ್’. ಹೆಚ್ಚಿನ ಕಲಾ ಇತಿಹಾಸಕಾರರು ಒಪ್ಪುವ ವಿವರಣೆ ಇದು, ನನಗೂ ಇದೇ ಸರಿ ಅನ್ನಿಸುತ್ತದೆ.

ಕೂತು ಬರೆದವರಿಗೆ ಈ ಹೆಸರಿನ ಬೆಲೆ ಗೊತ್ತಾಗುತ್ತದೆ. ಮನುಷ್ಯರನ್ನು ಬರೆಯುವಾಗ ಅವರು ಕೆಮ್ಮುತ್ತಾರೆ, ಕತ್ತು ತಿರುಗಿಸುತ್ತಾರೆ, ಕಾಲು ಜೋಮು ಹಿಡಿಯಿತು ಅಂತ ಏಳುತ್ತಾರೆ. ಹಸು ಬಾಲ ಬೀಸುತ್ತದೆ. ಹೂಜಿ ಹಾಗಲ್ಲ. ಬೆಳಿಗ್ಗೆ ಇಟ್ಟ ಜಾಗದಲ್ಲೇ ಸಂಜೆಯವರೆಗೆ ಇರುತ್ತದೆ. ನಾಳೆಯೂ ಇರುತ್ತದೆ. ತತ್ವಜ್ಞಾನಿಯ ತಲೆಯಿಂದ ಬಂದ ಪದ ಇದಲ್ಲ, ಕೆಲಸಗಾರರ ಬಾಯಿಂದ ಬಂದದ್ದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ನೀವು ಕೇಳಬಹುದು: ಹೂಗಳು ಬಾಡುವುದಿಲ್ಲವೇ? ಬಾಡುತ್ತವೆ. ಆಂಬ್ರೋಸಿಯಸ್ ಬೋಸ್ಖಾರ್ಟ್‌ನಂಥವರ ಹೂದಾನಿ ಚಿತ್ರಗಳಲ್ಲಿ ಬೇರೆ ಬೇರೆ ಋತುವಿನ ಹೂಗಳು ಒಂದೇ ದಾನಿಯಲ್ಲಿ ಅರಳಿ ನಿಂತಿರುತ್ತವೆ. ಅವು ಒಟ್ಟಿಗೆ ಎದುರಿಗಿರಲು ಸಾಧ್ಯವೇ ಇರಲಿಲ್ಲ. ಒಂದೊಂದನ್ನೂ ಅದರ ಕಾಲದಲ್ಲಿ ನೋಡಿ ಬರೆದಿಟ್ಟುಕೊಂಡು, ಆಮೇಲೆ ಒಂದೆಡೆ ಕೂಡಿಸುತ್ತಿದ್ದರು. ಹಾಗಾಗಿ ‘ಎದುರಿಗೆ ಸುಮ್ಮನಿದ್ದದ್ದು’ ಅನ್ನುವ ಮಾತು ಅಕ್ಷರಶಃ ಎಲ್ಲ ಚಿತ್ರಕ್ಕೂ ಒಪ್ಪುವುದಿಲ್ಲ. ಹೆಸರು ಒಂದು ಕಡೆ ಹುಟ್ಟಿ, ಆಮೇಲೆ ಇಡೀ ಚಿತ್ರಪ್ರಕಾರಕ್ಕೆ ಹರಡಿಕೊಂಡಿತು.

ಸತ್ತ ಪ್ರಾಣಿಗಳ ಚಿತ್ರವನ್ನೂ ಅವರು ಸ್ಟಿಲ್ಲೇವನ್ ಅನ್ನುತ್ತಾರೆ. ರೆಂಬ್ರಾಂಟ್ 1639ರ ಸುಮಾರಿಗೆ ಎರಡು ಸತ್ತ ನವಿಲುಗಳನ್ನು ಬರೆದಿದ್ದಾನೆ. ಒಂದನ್ನು ತಲೆಕೆಳಗಾಗಿ ತೂಗುಹಾಕಿದೆ, ಇನ್ನೊಂದು ಕಟ್ಟೆಯ ಮೇಲೆ ರಕ್ತದಲ್ಲಿ ಬಿದ್ದಿದೆ, ಹಿಂದಿನಿಂದ ಒಬ್ಬ ಹುಡುಗಿ ಬಗ್ಗಿ ನೋಡುತ್ತಿದ್ದಾಳೆ. ಆಮ್ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಲೇವನ್ ಅಂದರೆ ‘ಜೀವ’ ಅಂತಲೇ ಹಟ ಹಿಡಿದರೆ ಇದು ಕ್ರೂರ ಹೆಸರಾಗುತ್ತದೆ. ಮಾಡೆಲ್ ಅಂತ ತಿಳಿದರೆ ತಕರಾರಿಲ್ಲ.

ಚಿತ್ರಕಾರರ ಕೋಣೆಯಲ್ಲಿ ಜೀವ ಮಾತ್ರವಲ್ಲ, ಸಾವೂ ಕಸುಬಿನ ಪದವೇ ಆಗಿತ್ತು. ಬಣ್ಣದ ಮೊದಲ ಪದರಕ್ಕೆ, ಅಂದರೆ ಬೆಳಕು ನೆರಳನ್ನು ಮಂಕು ಬಣ್ಣದಲ್ಲಿ ಹರಡಿಕೊಳ್ಳುವ ಹಂತಕ್ಕೆ ಡಚ್ಚರು ‘ಡೋಡ್‌ವೆರ್ಫ್’ ಅನ್ನುತ್ತಿದ್ದರು. ಡೋಡ್ ಅಂದರೆ ಸತ್ತ, ವೆರ್ಫ್ ಅಂದರೆ ಬಣ್ಣ. ಇದೂ ಸಮಾಸವೇ. ಇದನ್ನು ಕೇಳಿ ಯಾರೂ ಸಾವಿನ ಬಗ್ಗೆ ಧ್ಯಾನ ಮಾಡುತ್ತಿರಲಿಲ್ಲ. ಮುಂದಿನ ಪದರ ಯಾವಾಗ ಬಳಿಯಬಹುದು ಅಂತ ಯೋಚಿಸುತ್ತಿದ್ದರು.

ಇನ್ನು ಕಾಲದ ಮಾತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಬಹಳ ರುಚಿಯಾದ ಭಾಗ ಇದು. ಸ್ಟಿಲ್ಲೇವನ್ ಪದ ಡಚ್ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು 1650ರ ಸುಮಾರಿಗೆ. ಆದರೆ ಆ ಥರದ ಚಿತ್ರಗಳು ಅದಕ್ಕೆ ಎಷ್ಟೋ ದಶಕ ಮೊದಲೇ ಇದ್ದವು. ಹಾರ್ಲೆಮ್‌ನ ಪೀಟರ್ ಕ್ಲಾಸ್, ವಿಲ್ಲೆಮ್ ಕ್ಲಾಸ್ ಹೇಡಾ ತಮ್ಮ ಒಳ್ಳೊಳ್ಳೆಯ ಚಿತ್ರಗಳನ್ನು ಅಷ್ಟರಲ್ಲೇ ಬರೆದು ಮಾರಿದ್ದರು. ಹೆಸರಿಲ್ಲದೆ ಹೇಗೆ ಮಾರುತ್ತಿದ್ದರು?

ಹೆಸರುಗಳಿದ್ದವು, ಒಂದಲ್ಲ, ಹತ್ತಾರು. ಚಿತ್ರದಲ್ಲಿ ಏನಿದೆಯೋ ಅದೇ ಹೆಸರು. ಹೂದಾನಿ ಇದ್ದರೆ ‘ಬ್ಲೂಮ್‌ಪಾಟ್’, ಅಂದರೆ ಹೂಕುಂಡ. ಹೊಗೆಸೊಪ್ಪು, ಕೊಳವೆ ಇದ್ದರೆ ‘ಟಬಾಕ್ಯೆ’. ದೊಡ್ಡ ಔತಣದ ಮೇಜಾದರೆ ‘ಬಂಕೆಟ್ಯೆ’. ತಲೆಬುರುಡೆ ಇದ್ದರೆ ‘ಡೋಡ್ಸ್‌ಹೋಫ್ಟ್’, ಅಂದರೆ ಸತ್ತವರ ತಲೆ. ರೊಟ್ಟಿ, ಚೀಸ್, ಮೀನು, ಒಂದು ಲೋಟ ಬಿಯರ್ ಇದ್ದರೆ ‘ಒಂಟ್‌ಬೆಯ್ಟ್ಯೆ’. ಈ ಹೆಸರುಗಳ ಬಾಲದಲ್ಲಿರುವ ‘ಯೆ’ ಅನ್ನುವುದು ಚಿಕ್ಕದು, ಮುದ್ದಿನದು ಅಂತ ಸೂಚಿಸುವ ಪ್ರತ್ಯಯ. ಡಚ್ಚರು ಅದನ್ನು ಸಿಕ್ಕಸಿಕ್ಕ ಪದಕ್ಕೆಲ್ಲ ಹಚ್ಚುತ್ತಾರೆ.

ಒಂಟ್‌ಬೆಯ್ಟ್ ಪದದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಇವತ್ತಿನ ಡಚ್ಚಿನಲ್ಲಿ ಅದು ಬೆಳಗಿನ ತಿಂಡಿ. ‘ಬೆಯ್ಟನ್’ ಅಂದರೆ ಕಚ್ಚುವುದು, ‘ಒಂಟ್’ ಅನ್ನುವ ಮುಂದಿನ ತುಂಡಿಗೆ ಇಲ್ಲಿ ಶುರುಮಾಡುವ ಅರ್ಥ. ‘ಕಚ್ಚಲು ಶುರು’ ಅಂದ ಹಾಗೆ. ನಮ್ಮ ‘ತಿಂಡಿ’ಯೂ ‘ತಿನ್ನು’ವಿನಿಂದ ಬಂದದ್ದೇ ಅಲ್ವಾ? 17ನೇ ಶತಮಾನದ ಚಿತ್ರಗಳ ವಿಷಯದಲ್ಲಿ ಒಂಟ್‌ಬೆಯ್ಟ್ಯೆ ಅಂದರೆ ಬೆಳಗಿನದೇ ಆಗಬೇಕಿರಲಿಲ್ಲ, ಯಾವ ಹೊತ್ತಿನ ಲಘು ಊಟವೂ ಆಗಬಹುದಿತ್ತು. ಹಾಗಾಗಿ ‘ತಿಂಡಿ ಚಿತ್ರ’ ಅನ್ನುವುದು ಅದಕ್ಕೆ ಚೆನ್ನಾಗಿ ಒಪ್ಪುವ ಕನ್ನಡ.

ಹಾಗಿದ್ದರೆ ಎಲ್ಲಕ್ಕೂ ಒಂದೇ ಹೆಸರು ಯಾಕೆ ಬೇಕಾಯಿತು? ಯಾರಾದರೂ ತೀರಿಕೊಂಡಾಗ, ಸಾಲದಲ್ಲಿ ಮುಳುಗಿದಾಗ ನೋಟರಿಗಳು ಬಂದು ಮನೆಯ ಸಾಮಾನು ಪಟ್ಟಿ ಮಾಡುತ್ತಿದ್ದರು. ತಾಮ್ರದ ಪಾತ್ರೆ ಎಷ್ಟು, ಹಾಸಿಗೆ ಎಷ್ಟು, ಗೋಡೆಯ ಮೇಲಿನ ಚಿತ್ರ ಎಷ್ಟು. ಹಾಲೆಂಡಿನಲ್ಲಿ ಸಾಧಾರಣ ಮನೆಗಳಲ್ಲೂ ಚಿತ್ರಗಳಿರುತ್ತಿದ್ದವು. ಈ ಕಂದಾಯದ ಥರದ ಒಣ ಕಾಗದಗಳೇ ಇವತ್ತು ಕಲಾ ಇತಿಹಾಸಕ್ಕೆ ಚಿನ್ನದ ಗಣಿ. ಸ್ಟಿಲ್ಲೇವನ್ ಪದ ನಮಗೆ ಸಿಗುವುದೂ ಇಂಥ ಕಾಗದಗಳಲ್ಲೇ. ಡೆಲ್ಫ್ಟ್ ಊರಿನಲ್ಲಿ, ಅಲ್ಲಿಯವನೇ ಆದ ಏವರ್ಟ್ ವಾನ್ ಆಲ್ಸ್ಟ್‌ನ ಚಿತ್ರವೊಂದನ್ನು ಆ ಹೆಸರಿನಿಂದ ಪಟ್ಟಿ ಮಾಡಿದ್ದು ಆರಂಭದ ಬಳಕೆಗಳಲ್ಲಿ ಒಂದು.

ಇಲ್ಲಿ ನನ್ನ ಅನಿಸಿಕೆ ಹೇಳುತ್ತೇನೆ. ಹಳೆಯ ಹೆಸರುಗಳು ಸಾಲದೇ ಹೋದದ್ದು ಚಿತ್ರಗಳು ಬೆಳೆದದ್ದರಿಂದ. ಪೀಟರ್ ಕ್ಲಾಸ್ 1627ರಲ್ಲಿ ಬರೆದ ಒಂದು ಮೇಜನ್ನು ನೋಡಿ. ಟರ್ಕಿ ಕೋಳಿಯ ಕಡುಬು, ಅದರ ಮೇಲೆ ಆ ಕೋಳಿಯದೇ ರೆಕ್ಕೆ ತಲೆ. ಚೀನಾದ ಪಿಂಗಾಣಿ ಬಟ್ಟಲು. ಶಂಖದ ಥರದ ನಾಟಿಲಸ್ ಚಿಪ್ಪಿನಿಂದ ಮಾಡಿದ ಪಾನಪಾತ್ರೆ. ಸಿಪ್ಪೆ ಸುಲಿದ ನಿಂಬೆ. ಪಂಚಾಂಗದ ಹಾಳೆ ಹರಿದು ಸುರುಳಿ ಸುತ್ತಿದ ಪೊಟ್ಟಣ, ಅದರ ಬಾಯಿಂದ ಚೆಲ್ಲಿದ ಮೆಣಸಿನ ಕಾಳು. ನಮ್ಮ ಶೆಟ್ಟರ ಅಂಗಡಿಯಲ್ಲಿ ಕಟ್ಟಿಕೊಡುತ್ತಿದ್ದಂಥದೇ ಪೊಟ್ಟಣ! ಇದು ತಿಂಡಿ ಚಿತ್ರವೋ, ಔತಣದ ಚಿತ್ರವೋ, ಚಿಪ್ಪಿನ ಚಿತ್ರವೋ? ಮುಂದಿನ ದಶಕಗಳಲ್ಲಿ ಇದು ಇನ್ನೂ ಜಾಸ್ತಿಯಾಯಿತು. ಒಂದೇ ಹಲಗೆಯ ಮೇಲೆ ತಲೆಬುರುಡೆ, ಪುಸ್ತಕ, ಹೂ, ಗಡಿಯಾರ, ಪಿಟೀಲು. ಪಟ್ಟಿ ಬರೆಯಲು ಕೂತ ನೋಟರಿಗೆ ಯಾವುದನ್ನು ಬರೆಯುವುದು? ಚಿತ್ರಕಾರರ ಬಾಯಲ್ಲಿ ಓಡಾಡುತ್ತಿದ್ದ ಒಂದು ಪದ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಿತ್ತು. ಹಾಗೆ ಅದು ಕಾಗದಕ್ಕೆ ಇಳಿಯಿತು ಎಂದು ನನಗನ್ನಿಸುತ್ತದೆ. 1718ರಿಂದ 1721ರವರೆಗೆ ಆರ್ನಾಲ್ಡ್ ಹೌಬ್ರಾಕನ್ ಡಚ್ ಚಿತ್ರಕಾರರ ಜೀವನಕಥೆಗಳನ್ನು ಹೊರತರುವ ಹೊತ್ತಿಗೆ ಪದ ನೆಲೆಯೂರಿತ್ತು.

ಅಲ್ಲಿಂದ ಪದ ಊರೂರು ತಿರುಗಿತು. ಜರ್ಮನಿಯ ಯೋವಾಕಿಂ ಫಾನ್ ಸಾಂಡ್ರಾರ್ಟ್ 1675ರಲ್ಲಿ ಇದನ್ನು ‘ಸುಮ್ಮನೆ ನಿಂತ ವಸ್ತುಗಳು’ ಅನ್ನುವ ಅರ್ಥದ ಮಾತಿನಲ್ಲಿ ಹೇಳಿದ. ನೋಡಿ, ಆ ಕಾಲದವನೇ, ಚಿತ್ರಕಾರನೇ. ಅವನಿಗೆ ಇಲ್ಲಿ ‘ಮೌನ ಜೀವನ’ ಕಾಣಲಿಲ್ಲ, ನಿಂತ ವಸ್ತು ಕಂಡಿತು. ನಾನು ಮೇಲೆ ಹೇಳಿದ ವಿವರಣೆಗೆ ಇದು ಒಳ್ಳೆಯ ಸಾಕ್ಷಿ. ಆಮೇಲೆ ಜರ್ಮನ್ನರೂ ಡಚ್ ಪದದ ಅಚ್ಚಿನಲ್ಲೇ ‘ಸ್ಟಿಲ್‌ಲೇಬನ್’ ಕಟ್ಟಿಕೊಂಡರು (ಅವರು ಉಚ್ಚರಿಸುವುದು ‘ಶ್ಟಿಲ್’ ಅಂತ). ಇಂಗ್ಲಿಷಿಗೆ 17ನೇ ಶತಮಾನದ ಕೊನೆಯ ಹೊತ್ತಿಗೆ ಬಂತು. ಆ ಕಾಲದ ಇಂಗ್ಲಿಷರು ಚಿತ್ರಕಲೆಯ ಪದಗಳನ್ನು ಡಚ್ಚರಿಂದ ಕೈತುಂಬ ತೆಗೆದುಕೊಂಡರು. ಲ್ಯಾಂಡ್‌ಸ್ಕೇಪ್, ಸ್ಕೆಚ್, ಎಚಿಂಗ್ ಎಲ್ಲ ಆ ಬಾಗಿಲಿನಿಂದ ಬಂದವು. ನಿಮ್ಮ ಡ್ರಾಯಿಂಗ್ ಕೋಣೆಯಲ್ಲಿರುವ ಈಸೆಲ್ ಕೂಡ. ಅದು ಡಚ್ಚಿನ ‘ಏಜೆಲ್’, ಅಂದರೆ ಕತ್ತೆ. ಬೆನ್ನ ಮೇಲೆ ಹೊತ್ತು ನಿಲ್ಲುತ್ತದಲ್ಲ, ಅದಕ್ಕೆ.

ಇಂಗ್ಲಿಷಿನಲ್ಲಿ ಇನ್ನೊಂದು ಸುಳಿವು ಉಳಿದಿದೆ. ಲೈಫ್‌ನ ಬಹುವಚನ ‘ಲೈವ್ಸ್’. ಆದರೆ ಸ್ಟಿಲ್ ಲೈಫ್‌ನ ಬಹುವಚನ ‘ಸ್ಟಿಲ್ ಲೈಫ್ಸ್’. ಸಾಮಾನ್ಯವಾಗಿ ‘ಸ್ಟಿಲ್ ಲೈವ್ಸ್’ ಅನ್ನುವುದಿಲ್ಲ. ಅಂದರೆ ಮಾತಾಡುವವರಿಗೆ ಒಳಗೊಳಗೇ ಗೊತ್ತು, ಇದು ‘ಜೀವನ’ ಅನ್ನುವ ಪದ ಅಲ್ಲ, ಒಂದು ವಸ್ತುವಿನ ಹೆಸರು. ಆ ಹುಡುಗಿಗೆ ಇದನ್ನು ಹೇಳಿ, ಅವಳಿಗೆ ಇಷ್ಟವಾಗಬಹುದು.

ಈಗ ಫ್ರೆಂಚರ ‘ಸಾವು’. ಅವರೂ ಮೊದಲು ಡಚ್ಚರ ದಾರಿಯಲ್ಲೇ ಹೊರಟಿದ್ದರು. 17ನೇ ಶತಮಾನದ ನಡುವೆ ‘ವೀ ಕ್ವಾಯ್’ ಅನ್ನುವ ಮಾತು ಬಳಕೆಯಲ್ಲಿತ್ತು, ಅಂದರೆ ಶಾಂತ ಜೀವ. ಆದರೆ ಪ್ಯಾರಿಸಿನ ಕಲಾ ಅಕಾಡೆಮಿಯ ಗಾಳಿಯೇ ಬೇರೆ. ಅಲ್ಲಿ ಚಿತ್ರಗಳಿಗೂ ಮೇಲುಕೀಳಿನ ಮೆಟ್ಟಿಲು ಕಟ್ಟಿದರು. 1660ರ ದಶಕದಲ್ಲಿ ಕಲಾ ಬರಹಗಾರ ಆಂದ್ರೆ ಫೆಲಿಬಿಯಾಂ ಆ ಮೆಟ್ಟಿಲುಗಳನ್ನು ಬರೆದೇ ಇಟ್ಟ. ಹಣ್ಣು, ಹೂ, ಚಿಪ್ಪು ಬರೆಯುವವನಿಗಿಂತ ನಿಸರ್ಗದೃಶ್ಯ ಬರೆಯುವವನು ಮೇಲು. ‘ಸತ್ತ, ಚಲನೆಯಿಲ್ಲದ ವಸ್ತುಗಳನ್ನು’ ಬರೆಯುವವನಿಗಿಂತ ಬದುಕಿರುವ ಪ್ರಾಣಿ ಬರೆಯುವವನು ಮೇಲು. ಮನುಷ್ಯರನ್ನು ಬರೆಯುವವನು ಎಲ್ಲರಿಗಿಂತ ಮೇಲು. ಆ ಮಾತಿನಲ್ಲಿ ‘ಸತ್ತ’ ಮತ್ತು ‘ಚಲನೆಯಿಲ್ಲದ’ ಅಕ್ಕಪಕ್ಕ ಕೂತಿರುವುದನ್ನು ಗಮನಿಸಿ. ಡಚ್ ಕೆಲಸಗಾರರಿಗೆ ‘ಅಲುಗಾಡುವುದಿಲ್ಲ’ ಅನ್ನುವುದು ಅನುಕೂಲವಾಗಿತ್ತು. ಅಕಾಡೆಮಿಯವರಿಗೆ ಅದೇ ಕೊರತೆಯಾಗಿ ಕಂಡಿತು.

ಹಾಲೆಂಡಿನಲ್ಲಿ ಇಂಥ ತಾತ್ಸಾರ ಇರಲೇ ಇಲ್ಲ ಅಂತಲ್ಲ. ರೆಂಬ್ರಾಂಟ್‌ನ ಶಿಷ್ಯ ಸಾಮುಯೆಲ್ ವಾನ್ ಹೋಖ್‌ಸ್ಟ್ರಾಟನ್ 1678ರಲ್ಲಿ ಇಂಥ ಚಿತ್ರ ಬರೆಯುವವರನ್ನು ಕಲೆಯ ಸೈನ್ಯದ ಸಾಮಾನ್ಯ ಸಿಪಾಯಿಗಳು ಎಂದು ಕರೆದ. ಆದರೆ ಆ ತಾತ್ಸಾರ ಡಚ್ ಹೆಸರಿನೊಳಗೆ ನುಗ್ಗಲಿಲ್ಲ. ಫ್ರೆಂಚ್ ಹೆಸರಿನೊಳಗೆ ನುಗ್ಗಿತು. ಅದೂ ತಡವಾಗಿ. ಈ ಬಗೆಯ ಚಿತ್ರಗಳ ಮಹಾಗುರು ಶಾರ್ದಾಂ 1728ರಲ್ಲಿ ಅಕಾಡೆಮಿಗೆ ಸೇರಿದಾಗ ಅವನನ್ನು ‘ಪ್ರಾಣಿ ಮತ್ತು ಹಣ್ಣುಗಳ’ ಚಿತ್ರಕಾರ ಅಂತ ಬರೆದುಕೊಂಡರು. ‘ನಾತ್ಯೂರ್ ಮೋರ್ತ್’, ಅಂದರೆ ‘ಸತ್ತ ಪ್ರಕೃತಿ’, ಚಾಲ್ತಿಗೆ ಬಂದದ್ದು 18ನೇ ಶತಮಾನದ ನಡುವಿನಿಂದ ಈಚೆಗೆ. ಇಟಲಿಯವರು ಅದನ್ನೇ ‘ನತೂರಾ ಮೋರ್ತಾ’ ಮಾಡಿಕೊಂಡರು. ರಷ್ಯನ್ನರು ಫ್ರೆಂಚ್ ಪದವನ್ನೇ ಇಡಿಯಾಗಿ ಎತ್ತಿಕೊಂಡು ‘ನತ್ಯುರ್ಮೋರ್ತ್’ ಅಂದರು. ಸ್ಪೇನಿನವರ ‘ಬೊದೆಗೋನ್’ ಮಾತ್ರ ಈ ಎರಡೂ ಮನೆಗೆ ಸೇರದ್ದು. ಅದು ನೆಲಮಾಳಿಗೆಯ ಊಟದಂಗಡಿಗೆ ಸಂಬಂಧಪಟ್ಟ ಪದ.

ಹೀಗಾಗಿ ಒಂದು ಹೂಜಿ ಜೀವವೋ ಸಾವೋ ಅಂತ ಡಚ್ಚರೂ ಫ್ರೆಂಚರೂ ಜಗಳ ಆಡಲೇ ಇಲ್ಲ. ಡಚ್ ಹೆಸರು ಬರೆಯುವವನ ಕುರ್ಚಿಯಿಂದ ಬಂತು, ಫ್ರೆಂಚ್ ಹೆಸರು ತೀರ್ಪು ಕೊಡುವವನ ಕುರ್ಚಿಯಿಂದ ಬಂತು.

‘ಮೌನವಾದ ಬದುಕು’ ಅನ್ನುವ ಸುಂದರ ಅರ್ಥ ಎಲ್ಲಿಂದ ಬಂತು ಹಾಗಿದ್ದರೆ? ‘ಸುಮ್ಮನೆ’ಯ ಇನ್ನೊಂದು ಮುಖದಿಂದ, ಬಾಯಿಗೆ ಹೇಳುವ ‘ಸುಮ್ನಿರು’ವಿನಿಂದ. ಕಸುಬಿನ ಅರ್ಥ ಮರೆತುಹೋದ ಮೇಲೆ ಓದುಗರು ಪದವನ್ನು ಹೊರಗಿನಿಂದ ನೋಡಿದರು. ಸ್ಟಿಲ್ ಅವರಿಗೆ ಮೌನವಾಗಿ ಕೇಳಿಸಿತು, ಲೇವನ್ ಬದುಕಾಗಿ ಕೇಳಿಸಿತು. 20ನೇ ಶತಮಾನದಲ್ಲಿ ಇಟಲಿಯ ಚಿತ್ರಕಾರ ಜಾರ್ಜೊ ದೆ ಕಿರಿಕೊ ತನ್ನ ಭಾಷೆಯ ‘ಸತ್ತ ಪ್ರಕೃತಿ’ಯನ್ನು ಒಪ್ಪದೆ, ‘ವೀತಾ ಸಿಲೆಂತೆ’, ಅಂದರೆ ‘ಮೌನ ಜೀವನ’ ಅಂತ ಕರೆಯಬೇಕೆಂದ. ಹೇಡಾನ ಒಂದು ಚಿತ್ರದ ಮುಂದೆ, ಅರ್ಧ ಸುಲಿದ ನಿಂಬೆ ಮತ್ತು ಮಗುಚಿದ ಬೆಳ್ಳಿ ಬಟ್ಟಲಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಕಿರಿಕೊನ ಮಾತು ಸರಿ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ. ಆದರೆ ಅದು ಚಿತ್ರ ನಮ್ಮಲ್ಲಿ ಹುಟ್ಟಿಸುವ ಭಾವ. ಪದದ ಹುಟ್ಟು ಅದಲ್ಲ. ಎರಡನ್ನೂ ಪ್ರೀತಿಸಬಹುದು, ಬೆರೆಸಬಾರದು.

ಕೊನೆಗೆ ಕನ್ನಡ. ‘ಸ್ತಬ್ಧಚಿತ್ರ’ ಅಂತ ಕೆಲವರು ಬರೆಯುತ್ತಾರೆ. ಅರ್ಥ ಹತ್ತಿರವೇ, ಆದರೆ ಆ ಪದವನ್ನು ಮೈಸೂರು ದಸರಾ ಮೆರವಣಿಗೆ ಎಂದೋ ತೆಗೆದುಕೊಂಡಾಗಿದೆ. ಮಕ್ಕಳಿಗೆ ಸ್ತಬ್ಧಚಿತ್ರ ಅಂದರೆ ಲಾರಿಯ ಮೇಲೆ ಬರುವ ಜಿಲ್ಲೆಗಳ ಮಾದರಿಗಳೇ ಕಣ್ಣಿಗೆ ಬರುತ್ತವೆ. ‘ಸ್ಥಿರಚಿತ್ರ’ ಸಿನಿಮಾದವರ ಫೋಟೋಗೆ ಹೋಯಿತು. ‘ಜಡವಸ್ತು ಚಿತ್ರ’ ಅನ್ನುವುದು ನನಗೆ ಇಷ್ಟವಾಗುವುದಿಲ್ಲ. ಅದರಲ್ಲಿ ಫ್ರೆಂಚ್ ಅಕಾಡೆಮಿಯ ತಾತ್ಸಾರ ಮತ್ತೆ ಒಳಗೆ ಬರುತ್ತದೆ. ಈಗತಾನೇ ಕಿತ್ತ ದಾಸವಾಳವನ್ನು ಜಡ ಅನ್ನಲು ಬಾಯಿ ಬರುತ್ತದೆಯೇ? ‘ವಸ್ತುಚಿತ್ರ’ ಇರುವುದರಲ್ಲಿ ಸರಳ, ಯಾರಿಗೂ ಅವಮಾನ ಮಾಡುವುದಿಲ್ಲ. ಪರೀಕ್ಷೆಗೆ, ಬರವಣಿಗೆಗೆ ಅದನ್ನು ಬಳಸಿ. ತರಗತಿಯಲ್ಲಿ ‘ಸ್ಟಿಲ್ ಲೈಫ್’ ಅಂದರೂ ತಪ್ಪಿಲ್ಲ, ಅದು ನಮ್ಮ ಚಿತ್ರಕಲಾ ಶಾಲೆಗಳಲ್ಲಿ ಕನ್ನಡವೇ ಆಗಿಹೋಗಿದೆ.

ಮುಂದಿನ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಒಂದು ಕೆಲಸ ಮಾಡಿ. ಆ ಹುಡುಗಿಯ ಎದುರಿಗೆ ಅವಳ ಗೆಳತಿಯನ್ನು ಹತ್ತು ನಿಮಿಷ ಕೂರಿಸಿ, ನೋಡಿಕೊಂಡು ಬರೆಯಲು ಹೇಳಿ. ಗೆಳತಿ ಮೂಗು ಕೆರೆದುಕೊಳ್ಳುತ್ತಾಳೆ, ಕಿಟಕಿ ಕಡೆ ತಿರುಗುತ್ತಾಳೆ, ನಗುತ್ತಾಳೆ. ಅದು ಲೇವನ್. ಆಮೇಲೆ ಅದೇ ಜಾಗದಲ್ಲಿ ನಿಮ್ಮ ಹೂಜಿಯನ್ನು ಇಡಿ.